ಹಿಂದಿನ ಗಾಜಿನ ಅಂಕಿ

ನನ್ನ ಗಾಡಿ ನೂರ ಇಪ್ಪತ್ತೆಂಟಕ್ಕೆ ಹೋಗುತ್ತದೆ. ಸ್ಪೀಡೋಮೀಟರಿನಲ್ಲಿ ನೂರ ಅರವತ್ತರವರೆಗೆ ಗೆರೆ ಎಳೆದಿದ್ದಾರೆ, ಅದು ಕಂಪನಿಯವರ ಆಸೆ. ನೂರ ಇಪ್ಪತ್ತೆಂಟು ಎಂಜಿನ್ನಿನ ಶಕ್ತಿ. ಮೂರು ಸಿಲಿಂಡರಿನ ಪುಟ್ಟ ಕಾರು, ಬಣ್ಣ ಒಂದು ಕಾಲದಲ್ಲಿ ನೀಲಿ. ನೂರು ದಾಟಿದ ಕೂಡಲೇ ಡ್ಯಾಶ್‌ಬೋರ್ಡಿನ ಪುಟ್ಟ ಬಾಗಿಲು ತಾನೇ ತೆರೆದುಕೊಂಡು ಒಳಗಿದ್ದ ಕಾಗದ, ಎಲೆಅಡಿಕೆ ಚೀಲ, ಒರೆಸುವ ಬಟ್ಟೆ ಎಲ್ಲ ಕೆಳಗೆ ಬೀಳುತ್ತವೆ. ನೂರ ಹದಿನೈದಕ್ಕೆ ಹಿಂದಿನ ಸೀಟು ಹಾಡಲು ಶುರು ಮಾಡುತ್ತದೆ. ನೂರ ಇಪ್ಪತ್ತೆಂಟಕ್ಕೆ ಇಡೀ ಗಾಡಿ ಚಳಿಜ್ವರ ಬಂದವರ ಹಾಗೆ ನಡುಗಿ, ಇನ್ನು ನನ್ನ ಕೈಲಾಗದು ಮಾರಾಯ ಎನ್ನುತ್ತದೆ. ಇಷ್ಟು ಖಚಿತವಾಗಿ ತನ್ನ ಗಾಡಿಯ ಬಗ್ಗೆ ಹೇಳಬಲ್ಲವನು ನಮ್ಮೂರಿನಲ್ಲಿ ನಾನೊಬ್ಬನೇ, ಸಿಕ್ಕಿದವರಿಗೆಲ್ಲ ಹೇಳಿಯೂ ಇದ್ದೇನೆ. ಮಿಕ್ಕವರ ಗಾಡಿಗಳಿಗೆ ಎಷ್ಟು ಉಸಿರಿದೆ ಎಂಬುದು ಅವರಿಗೇ ಗೊತ್ತಿಲ್ಲ. ಗೊತ್ತಾಗುವ ಮೊದಲೇ ಡಬ್ಬಿ ತಡೆಯುತ್ತದೆ.

ಡಬ್ಬಿ ಎಂದರೆ ಸ್ಟಿಯರಿಂಗಿನ ಕೆಳಗೆ ಕೂರಿಸಿದ, ಬೆಂಕಿಪೊಟ್ಟಣದಷ್ಟಿರುವ ಎಲೆಕ್ಟ್ರಾನಿಕ್ ಪೆಟ್ಟಿಗೆ. ನಮ್ಮೂರಿನ ಬೀದಿಗಳು ಇಕ್ಕಟ್ಟು, ಹಾಗಾಗಿ ಇಲ್ಲಿರುವುದೆಲ್ಲ ಸಣ್ಣ ಕಾರುಗಳೇ. ಎಲ್ಲದಕ್ಕೂ ಡಬ್ಬಿ ಇದೆ. ಗಾಡಿಯ ಒಡೆಯನಿಗಾಗಿ ಕಾಯುವವರು ಯಾರೋ, ಅವರು ಕಿಟಕಿಯ ಹತ್ತಿರ ಬಂದು ಒಂದು ಅಂಕಿ ಹೇಳಬೇಕು. ಹೇಳಿದವರು ನಿಜವಾಗಿ ಕಾಯುವವರಾದರೆ ಹಸಿರು ದೀಪ ಹತ್ತಿ, ಆ ಅಂಕಿ ಹಿಂದಿನ ಗಾಜಿನ ಮೂಲೆಯಲ್ಲಿ ಹೊಳೆಯುತ್ತದೆ. ಅಲ್ಲಿಂದ ಮುಂದೆ ಗಾಡಿ ಅದರ ಮೇಲೆ ಒಂದು ಚೂರೂ ಹೋಗದು; ಆಕ್ಸಲರೇಟರು ತಲೆದಿಂಬು ಒತ್ತಿದ ಹಾಗೆ ಮೆತ್ತಗಾಗುತ್ತದೆ. ಕಾಯದವರು ಹೇಳಿದರೆ ಕೆಂಪು ದೀಪ, ಜೊತೆಗೆ ‘ಕೀಂ’ ಎಂಬ ಸದ್ದು. ಇಬ್ಬರು ಹೇಳಿದರೆ ಕಡಿಮೆ ಅಂಕಿಯೇ ನಿಲ್ಲುತ್ತದೆ. ಅಂಕಿಯನ್ನು ಯಾವಾಗ ಬೇಕಾದರೂ ಇಳಿಸಬಹುದು, ಏರಿಸಲು ಮಾತ್ರ ದೀಪಾವಳಿ ಬರಬೇಕು.

ಇದರಿಂದ ಊರಿಗೆ ಆದ ದೊಡ್ಡ ಉಪಕಾರವೆಂದರೆ ಯಾರ ಮನೆಯ ಸುದ್ದಿಯನ್ನೂ ಯಾರೂ ಕೇಳಬೇಕಾಗಿಲ್ಲ, ಗಾಡಿಯ ಹಿಂದೆ ನಿಂತು ಓದಿಕೊಂಡರಾಯಿತು. ಹೊಸದಾಗಿ ಮದುವೆಯಾದವನದು ಮೂವತ್ತು. ಎರಡು ಮಕ್ಕಳಾದ ಮೇಲೆ ಐವತ್ತು, ಐವತ್ತೈದು. ಅತ್ತೆ ಸೊಸೆ ಇಬ್ಬರೂ ಪೈಪೋಟಿಯ ಮೇಲೆ ಅಂಕಿ ಇಳಿಸುವ ತುಂಬಿದ ಮನೆಯ ಗಂಡಸರು ಹದಿನೆಂಟರಲ್ಲಿ ಹೋಗುತ್ತಿರುತ್ತಾರೆ, ಪಕ್ಕದಲ್ಲಿ ಸೈಕಲ್ಲಿನವರು ಮಾತಾಡಿಸಿಕೊಂಡು ಬರುತ್ತಾರೆ. ಹೆಣ್ಣು ಕೊಡುವವರು ಹುಡುಗನ ಜಾತಕಕ್ಕಿಂತ ಮೊದಲು ಅವನ ಗಾಡಿಯ ಹಿಂದಕ್ಕೆ ಹೋಗುತ್ತಾರೆ. ಬ್ಯಾಂಕಿನ ಮ್ಯಾನೇಜರ ಹೆಂಡತಿ ಒಂದು ದೀಪಾವಳಿಯಲ್ಲಿ ಜಗಳವಾಡಿ, ಎಲ್ಲಾದರೂ ಹಾಳಾಗಿ ಹೋಗಲಿ ಎಂದು ತೊಂಬತ್ತು ಅಂದುಬಿಟ್ಟರು. ಅಷ್ಟೆಲ್ಲ ಸಿಟ್ಟಿನಲ್ಲೂ ಹಸಿರು ದೀಪವೇ ಹತ್ತಿದ್ದು ಕಂಡು ಆಕೆ ನಾಚಿ ಒಳಗೆ ಓಡಿದರಂತೆ.

ಗಾಡಿಗಳ ಹತ್ತಿರ ಯಾರೂ ಅಂಕಿ ಆಡುವುದಿಲ್ಲ. ತರಕಾರಿಯವನು ಬೆಲೆಯನ್ನು ಬೆರಳಲ್ಲಿ ತೋರಿಸುತ್ತಾನೆ, ಬಾಯಿಬಿಟ್ಟರೆ ಬೀದಿಯ ಅಷ್ಟೂ ಗಾಡಿಗಳು ಕೀಂಗುಟ್ಟುತ್ತವೆ. ಅದಾದರೂ ಪರವಾಗಿಲ್ಲ. ಹೋದ ವರ್ಷ ಒಬ್ಬಾಕೆ ಹೊರಟ ಗಂಡನ ಕಿಟಕಿಗೆ ಬಗ್ಗಿ, ಬರುವಾಗ ಹನ್ನೆರಡು ತೆಂಗಿನಕಾಯಿ ತನ್ನಿ ಎಂದುಬಿಟ್ಟಳು. ಪಾಪ, ಆತ ದೀಪಾವಳಿಯವರೆಗೆ ಹನ್ನೆರಡರಲ್ಲೇ ಆಫೀಸಿಗೆ ಹೋದ.

ನನ್ನ ಹೆಸರು ಮರಿಸ್ವಾಮಿ. ವಯಸ್ಸು ನಲವತ್ತು ದಾಟಿದೆ, ಮದುವೆಯಾಗಿಲ್ಲ. ಯಾಕೆ ಎಂದರೆ ಪುರುಸೊತ್ತಾಗಲಿಲ್ಲ. ಅಮ್ಮ ಇರುವವರೆಗೆ ನನ್ನದೂ ಎಲ್ಲರಂಥದೇ ಗಾಡಿ, ನಲವತ್ತೈದು. ಅಮ್ಮ ತೀರಿಕೊಂಡ ದಿನ ಗಾಜಿನ ಮೂಲೆಯಲ್ಲಿದ್ದ ಅಂಕಿ ಆರಿಹೋಯಿತು. ಕರ್ಮಾಂತರವೆಲ್ಲ ಮುಗಿದ ಮೇಲೆ ಒಂದು ಬೆಳಿಗ್ಗೆ ಮನಸ್ಸು ತಡೆಯದೆ ಗಾಡಿ ತೆಗೆದು ಕಾಲುವೆಯ ರಸ್ತೆಗೆ ಬಂದೆ. ನಲವತ್ತೈದು ಆಯಿತು, ಪೆಡಲು ಮೆತ್ತಗಾಗಲಿಲ್ಲ. ಐವತ್ತು, ಎಪ್ಪತ್ತು, ತೊಂಬತ್ತು. ಅಳುತ್ತಲೇ ಒತ್ತಿದೆ, ಆಮೇಲೆ ಯಾವಾಗಲೋ ಅಳು ನಿಂತು ಕೇಕೆ ಹಾಕುತ್ತಿದ್ದೆ. ಸುಳ್ಳು ಯಾಕೆ ಹೇಳಲಿ, ಬಹಳ ಖುಷಿಯಾಗಿತ್ತು.

ಒಂಟಿಯಾಗಿ ಉಳಿದವರು ನಮ್ಮೂರಿನಲ್ಲಿ ದೊಡ್ಡಮ್ಮನ ಮಗಳನ್ನೋ ಪಕ್ಕದ ಮನೆಯ ಅಜ್ಜಿಯನ್ನೋ ಕರೆದು ಬೇಗ ಅಂಕಿ ಹಾಕಿಸಿಕೊಂಡುಬಿಡುತ್ತಾರೆ. ಕತ್ತಲ ಗಾಜಿನ ಗಾಡಿಯಲ್ಲಿ ತಿರುಗುವುದೆಂದರೆ ಮರ್ಯಾದೆಯ ಪ್ರಶ್ನೆ. ನಾನು ಹಾಕಿಸಿಕೊಳ್ಳಲಿಲ್ಲ. ಊರಿನವರು ಮೊದಲು ಮೂಗು ಮುರಿದರು, ಆಮೇಲೆ ಒಬ್ಬೊಬ್ಬರಾಗಿ ಬಾಗಿಲಿಗೆ ಬಂದರು. ಮಿಠಾಯಿ ಅಂಗಡಿಯ ಶಾಂತಮಲ್ಲಪ್ಪನಿಗೆ ಹುಳಿಯಾಗುವ ಮೊದಲು ಖೋವಾ ಬೇಕು. ಮದುವೆ ಮನೆಗೆ ಕರಗುವ ಮೊದಲು ಐಸು ಬೇಕು. ಯಾರೋ ತಾಳಿಯನ್ನೇ ಮರೆತು ಬಂದಿದ್ದಾರೆ, ಮುಹೂರ್ತ ಮೀರುತ್ತಿದೆ. ಸರ್ಕಾರಿ ಆಸ್ಪತ್ರೆಯ ಡಾಕ್ಟರ್ ಮುಬೀನಾ ಅವರಿಗೆ ಜಿಲ್ಲಾಸ್ಪತ್ರೆಯಿಂದ ರಕ್ತದ ಚೀಲ ತುರ್ತಾಗಿ ಬೇಕು. ಆಂಬುಲೆನ್ಸ್ ಇರಲಿಲ್ಲವೇ ಎಂದರೆ ಇತ್ತು. ಅದೂ ಸಣ್ಣ ಗಾಡಿಯೇ, ಅದರ ಡ್ರೈವರಿಗೆ ಆಗ ತಾನೇ ಮದುವೆಯಾಗಿತ್ತು. ಹೀಗಾಗಿ ನಾನು ಊರಿಗೆಲ್ಲ ಬೇಕಾದವನಾದೆ. ಬೀದಿ ತಿರುವಿನಲ್ಲಿ ನನ್ನ ಗಾಡಿ ಕಂಡರೆ ಸಾಕು, ‘ಬಂದ ಬಂದ’ ಎಂದು ಜನ ಕೂಗುತ್ತಿದ್ದರು. ನಾನು ಮೀಸೆಯ ಮೇಲೆ ಕೈ ಇಟ್ಟುಕೊಂಡೇ ಇಳಿಯುತ್ತಿದ್ದೆ.

ನನ್ನ ಕಂಡರಾಗದವಳು ಊರಿನಲ್ಲಿ ಒಬ್ಬಳೇ, ಅದೂ ಪಕ್ಕದ ಮನೆಯಲ್ಲೇ. ದಾಕ್ಷಾಯಿಣಿ ಡ್ರೈವಿಂಗ್ ಸ್ಕೂಲು ನಡೆಸುತ್ತಾಳೆ. ನನಗಿಂತ ಎರಡು ಮೂರು ವರ್ಷ ಚಿಕ್ಕವಳಿರಬಹುದು. ಗಂಡ ತೀರಿಹೋಗಿ ಬಹಳ ವರ್ಷವಾಗಿದೆ, ಜೊತೆಗಿರುವುದು ಕಿವಿ ಮಂದವಾದ ಸೋದರತ್ತೆ ಪುಟ್ಟತಾಯಮ್ಮ. ಆಕೆಯ ಸ್ಕೂಲಿನ ಬಿಳಿ ಗಾಡಿಗೆ ಪುಟ್ಟತಾಯಮ್ಮ ಹೇಳಿದ ಅಂಕಿ ಮೂವತ್ತೆರಡು. ನಾನು ಆ ಬಿಳಿ ಗಾಡಿಯ ಪಕ್ಕದಲ್ಲಿ ಸುಂಯ್ ಎಂದು ಹೋದೆನೆಂದರೆ ಒಳಗೆ ಕಲಿಯುತ್ತಿದ್ದವರು ಬೆದರಿ ಬೇಲಿಗೆ ನುಗ್ಗಿಸುತ್ತಿದ್ದರು. ಸಂಜೆ ಕಾಂಪೌಂಡಿನ ಆಚೆಯಿಂದ ಮಾತು ಬರುತ್ತಿತ್ತು.

“ಇವತ್ತು ಎಷ್ಟು ಜನದ ಪ್ರಾಣ ತೆಗೆದ್ರಿ ಸ್ವಾಮಿಯವರೇ?”

“ಒಬ್ಬರದ್ದೂ ಇಲ್ಲ ಮೇಡಂ. ನೀವೇ ನಮ್ಮ ಬೇಲೀನ ಎರಡು ಸಲ ಮುರ್ದಿದೀರಿ.”

“ಮುರ್ದಿದ್ದು ಗುಂಡೂರಾಯರು, ಮುರಿಸಿದ್ದು ನೀವು!”

ಗುಂಡೂರಾಯರು ನಿವೃತ್ತ ಹೆಡ್ಮಾಸ್ಟರು. ಎರಡು ವರ್ಷದಿಂದ ಡ್ರೈವಿಂಗ್ ಕಲಿಯುತ್ತಲೇ ಇದ್ದಾರೆ. ಹಿಂದಕ್ಕೆ ತೆಗೆಯುವುದು ಅವರಿಗೆ ಇವತ್ತಿಗೂ ಬಂದಿಲ್ಲ.

ಎಲ್ಲ ಕೆಟ್ಟಿದ್ದು ಪುರಸಭೆ ಅಧ್ಯಕ್ಷರ ಮಗಳ ಮದುವೆಯ ದಿನ. ಹಿಂದಿನ ಸೀಟಿನಲ್ಲಿ ಐಸಿನ ಗಡ್ಡೆ ಇಟ್ಟುಕೊಂಡು ಬರುತ್ತಿದ್ದೆ. ಗಡಿಯಾರ ಕಂಬದ ತಿರುವಿನಲ್ಲಿ ಬ್ರೇಕು ಒತ್ತಿದೆ. ಗಾಡಿ ವೇಗ ತಗ್ಗಿಸಿತು, ಐಸು ತಗ್ಗಿಸಲಿಲ್ಲ. ಅದು ಮುಂದಕ್ಕೆ ಜಾರಿ ಬಂದು ನನ್ನ ಮೊಣಕೈಗೆ ಬಡಿದು, ಸ್ಟಿಯರಿಂಗು ತಿರುಗಿ, ಗಾಡಿ ಚಪ್ಪರದ ಒಂದು ಮೂಲೆಯಿಂದ ಹೊಕ್ಕು ಇನ್ನೊಂದು ಮೂಲೆಯಿಂದ ಹೊರಗೆ ಬಂತು. ಯಾರಿಗೂ ಒಂದು ಗಾಯವೂ ಆಗಲಿಲ್ಲ, ದೇವರು ದೊಡ್ಡವನು. ಆದರೆ ಬಾನೆಟ್ಟಿನ ಮೇಲೆ ಬಾಳೆಕಂಬ, ಅದರ ಮೇಲೆ ಅಧ್ಯಕ್ಷರ ರೇಷ್ಮೆ ಶಲ್ಯ, ಒಳಗೆ ನನ್ನ ತೊಡೆಯ ಮೇಲೆ ಐಸು. ಓಲಗದವರು ನಾನೇನೋ ಮುಖ್ಯ ಅತಿಥಿ ಎಂದು ತಿಳಿದು ಗಟ್ಟಿಮೇಳ ಬಾರಿಸಿಬಿಟ್ಟರು.

ವಾರದೊಳಗೆ ನೋಟೀಸು ಬಂತು. ಊರಿನಲ್ಲಿ ಕತ್ತಲ ಗಾಜಿನ ಗಾಡಿ ಓಡಾಡಕೂಡದು. ತಿಂಗಳ ಕೊನೆಯೊಳಗೆ ಯಾರಿಂದಲಾದರೂ ಅಂಕಿ ಹೇಳಿಸಿಕೊಳ್ಳದಿದ್ದರೆ ಗಾಡಿ ಪುರಸಭೆಯ ಶೆಡ್ಡಿಗೆ.

ನಾನು ನಕ್ಕೆ. ಇಡೀ ಊರು ನನಗಾಗಿ ಕಾಯುತ್ತದೆ, ಅಂಕಿ ಹೇಳುವವರಿಗೇನು ಬರಗಾಲ? ಎಲ್ಲರಿಗಿಂತ ಹೆಚ್ಚು ಅಂಕಿ ಹೇಳಲು ಯಾರು ಒಪ್ಪುತ್ತಾರೋ ಅವರನ್ನೇ ಆರಿಸಿಕೊಂಡರಾಯಿತು ಎಂದುಕೊಂಡೆ. ಭಾನುವಾರ ಬೆಳಿಗ್ಗೆ ಗಾಡಿ ತೊಳೆದು, ಪುರಸಭೆಯ ಅಂಗಳಕ್ಕೆ ತಂದು ನಿಲ್ಲಿಸಿ, ಬೇಕಾದವರಿಗೆಲ್ಲ ಹೇಳಿಕಳಿಸಿದೆ. ಅಂಕಿಗಳ ಮೇಲ್ವಿಚಾರಣೆ ಪಾರ್ಶ್ವನಾಥಯ್ಯನವರದು. ತೆಳ್ಳಗೆ, ಬೆಳ್ಳಗೆ, ಗಟ್ಟಿಯಾಗಿ ಮಾತಾಡದ ಮನುಷ್ಯ. ಕುರ್ಚಿ ಹಾಕಿಕೊಂಡು ನೆರಳಲ್ಲಿ ಕೂತರು.

ಮೊದಲು ಶಾಂತಮಲ್ಲಪ್ಪ. ಕಿಟಕಿಗೆ ಬಗ್ಗಿ, ದೇವರ ಮುಂದೆ ನಿಂತವನ ಹಾಗೆ ಕೈ ಮುಗಿದು, “ನೂರು” ಎಂದ.

ಕೀಂ. ಕೆಂಪು.

“ಅದ್ಯಾಕ್ ಸ್ವಾಮಿ? ವಾರ ವಾರ ಇವನಿಗೋಸ್ಕರ ಅಂಗ್ಡಿ ಬಾಗ್ಲಲ್ಲೇ ನಿಂತಿರ್ತೀನಿ!”

“ಇವರಿಗೋಸ್ಕರ ಅಲ್ಲ ಶಾಂತಮಲ್ಲಪ್ಪ, ಖೋವಾಕ್ಕೋಸ್ಕರ,” ಎಂದರು ಪಾರ್ಶ್ವನಾಥಯ್ಯ, ಬೇಜಾರಾಗದ ಹಾಗೆ.

ಅಡುಗೆಯ ಕಂಟ್ರಾಕ್ಟರು ಬಂದ, ಕೆಂಪು. ತಾಳಿ ತರಿಸಿಕೊಂಡ ಮದುಮಗನೇ ಬಂದ, ಹೆಂಡತಿಯನ್ನೂ ಕರೆತಂದ, ಇಬ್ಬರೂ ಒಟ್ಟಿಗೆ ಹೇಳಿದರು, ಎರಡು ಸಲ ಕೀಂ. ನಾನು ಮೊದಮೊದಲು ಎಲ್ಲರ ಜೊತೆ ನಗುತ್ತಿದ್ದೆ. ಡಬ್ಬಿ ಕೆಟ್ಟಿದೆ ಎಂದೆ. ಪಾರ್ಶ್ವನಾಥಯ್ಯ ಬಿಚ್ಚಿ ನೋಡಿ ಮುಚ್ಚಿದರು, ಕೆಟ್ಟಿರಲಿಲ್ಲ. ಕೊನೆಗೆ ಡಾಕ್ಟರ್ ಮುಬೀನಾ ಬಂದರು. ಕಿಟಕಿಯವರೆಗೆ ಬಂದವರು ಬಗ್ಗಲೇ ಇಲ್ಲ.

“ಮರಿಸ್ವಾಮಿಯವ್ರೇ, ಬೇಜಾರು ಮಾಡ್ಕೋಬೇಡಿ. ನಾನು ಕಾಯೋದು ರಕ್ತಕ್ಕೆ. ಹೇಳಿ ಕೆಂಪು ಹತ್ತಿಸೋದಕ್ಕಿಂತ ಹೇಳ್ದೆ ಇರೋದೇ ವಾಸಿ,” ಎಂದು ನನ್ನ ಕೈ ಹಿಡಿದುಕೊಂಡರು.

ಅವರ ಕೈ ಬೆಚ್ಚಗಿತ್ತು. ಅದೇ ಹೊತ್ತಿಗೆ ನನಗೆ ಅಳು ಬರುವ ಹಾಗಾಯಿತು. ಅಂಗಳದ ತುಂಬ ಜನ, ಒಬ್ಬರೂ ಕೆಟ್ಟವರಲ್ಲ, ಎಲ್ಲರಿಗೂ ನನ್ನಿಂದ ಒಳ್ಳೆಯದೇ ಆಗಿದೆ. ನಾನು ದಾರಿಯಲ್ಲಿ ಎಲ್ಲಾದರೂ ಬಿದ್ದು ಖೋವಾ ಮಾತ್ರ ಬಂದು ತಲುಪಿದ್ದರೆ ಇವರ ದಿನ ಚೆನ್ನಾಗಿಯೇ ಕಳೆಯುತ್ತಿತ್ತು. ಇಷ್ಟು ದಿನ ಮೀಸೆ ತಿರುವಿದ್ದು ನೆನೆದು ನಾಚಿಕೆಯಾಯಿತು.

ಜನ ಚೆದುರಿದ ಮೇಲೆ ಪಾರ್ಶ್ವನಾಥಯ್ಯ ಕುರ್ಚಿ ಮಡಚುತ್ತ, “ಇನ್ನೂ ಟೈಮಿದೆ. ಯಾರಾದ್ರೂ ಇರ್ತಾರೆ,” ಎಂದರು.

“ಈ ಕಾನೂನು ತಂದಿದ್ದು ಅಧ್ಯಕ್ಷರಾ? ಅವರ ಶಲ್ಯ ಇಸ್ತ್ರಿ ಮಾಡ್ಸಿ ಕೊಟ್ಟಿದ್ನಲ್ಲ ಸಾರ್.”

“ಅಧ್ಯಕ್ಷರಿಗೆ ಅಷ್ಟೆಲ್ಲ ಎಲ್ಲಿ ಹೊಳೀತದೆ. ಅರ್ಜಿ ಕೊಟ್ಟಿದ್ದು ನಿಮ್ಮ ಪಕ್ಕದ ಮನೆ ಮೇಡಂ.”

ಸಿಟ್ಟು ನೆತ್ತಿಗೇರಿತು. ನೇರ ದಾಕ್ಷಾಯಿಣಿಯ ಅಂಗಳಕ್ಕೆ ನುಗ್ಗಿದೆ. ಬಿಳಿ ಗಾಡಿಯಲ್ಲಿ ಗುಂಡೂರಾಯರು ಹಿಂದಕ್ಕೆ ತೆಗೆಯಲು ಪರದಾಡುತ್ತಿದ್ದರು. ಆಕೆ ಪಕ್ಕದ ಸೀಟಿನಲ್ಲಿ ತನ್ನ ಬ್ರೇಕಿನ ಮೇಲೆ ಕಾಲಿಟ್ಟು ಕೂತಿದ್ದಳು.

“ನನ್ನ ಅನ್ನಕ್ಕೆ ಕಲ್ಲು ಹಾಕ್ಬಿಟ್ರಲ್ಲ ಮೇಡಂ! ನಾನೇನ್ರೀ ಮಾಡಿದ್ದೆ ನಿಮಗೆ?”

ಆಕೆ ಇಳಿದಳು. ನಾನು ಜಗಳಕ್ಕೆ ಸಿದ್ಧನಾಗಿ ಬಂದಿದ್ದೆ. ಆಕೆ ನನಗಿಂತ ಮೊದಲೇ ಸಿದ್ಧಳಾಗಿದ್ದಳು.

“ಏನು ಮಾಡಿದ್ರಾ? ಬೆಳಿಗ್ಗೆ ನಿಮ್ಮ ಗಾಡಿ ಸದ್ದು ಹೋಗುತ್ತೆ. ಅದು ವಾಪಸ್ ಬಂದು ನಿಮ್ಮ ಶೆಡ್ಡಲ್ಲಿ ನಿಲ್ಲೋವರೆಗೂ ನನಗೆ ಗಂಟ್ಲಲ್ಲಿ ಅನ್ನ ಇಳಿಯಲ್ಲ. ಗೇರು ಹಾಕು ಅನ್ನೋ ಕಡೆ ಬ್ರೇಕು ಹಾಕು ಅಂತೀನಿ. ಇವರಿಗೆ ಇಷ್ಟು ದಿನ ಆದ್ರೂ ರಿವರ್ಸ್ ಬಂದಿಲ್ಲ ಅಂದ್ರೆ ಅರ್ಧ ತಪ್ಪು ನಿಮ್ದು!”

“ಪೂರ್ತಿ ನನ್ದೇ ತಪ್ಪಮ್ಮ,” ಎಂದರು ಒಳಗಿನಿಂದ ಗುಂಡೂರಾಯರು.

ಬೆಳಗಿನಿಂದ ಇಡೀ ಊರಿನಲ್ಲಿ ಹುಡುಕಿದ್ದು ಕಾಂಪೌಂಡಿನ ಆಚೆಯೇ ಇತ್ತು. ಸಿಟ್ಟೆಲ್ಲ ಇಳಿದು, ಸಂತೋಷ ತಡೆಯಲಾರದೆ ಹೆಡ್ಡನ ಹಾಗೆ ಹಲ್ಲು ಬಿಟ್ಟೆ.

“ಹಾಗಾದ್ರೆ ಬನ್ನಿ ಮೇಡಂ, ನೀವೇ ಅಂಕಿ ಹೇಳ್ಬಿಡಿ. ಕೆಲಸ ಆಯ್ತು!”

“ಕೆಲಸ ಆಯ್ತು!” ಆಕೆ ನನ್ನ ಮಾತನ್ನು ಹಾಗೇ ವಾಪಸು ಕೊಟ್ಟಳು. “ಈ ಊರಲ್ಲಿ ಹೆಂಗ್ಸು ಒಬ್ಬ ಗಂಡಸಿನ ಗಾಡಿಗೆ ಅಂಕಿ ಹೇಳಿದ್ರೆ ಏನರ್ಥ ಅಂತ ಗೊತ್ತಲ್ಲ ನಿಮಗೆ? ಹೇಳ್ತೀನಿ. ಆದ್ರೆ ಮೊದ್ಲು ನನ್ನ ಗಾಡಿಗೆ ನೀವು ಹೇಳಿ ನೋಡೋಣ.”

ಅದಕ್ಕೇನಂತೆ. ಕಿಟಕಿಗೆ ಬಗ್ಗಿದೆ. ಗುಂಡೂರಾಯರು ಗೌರವದಿಂದ ತಲೆ ಹಿಂದಕ್ಕೆ ಎಳೆದುಕೊಂಡರು. ಗಂಟಲು ಸರಿಮಾಡಿಕೊಂಡು, “ಮೂವತ್ತು,” ಎಂದೆ.

ಕೀಂ.

ಆ ಕೆಂಪು ದೀಪ ನನ್ನ ಅಂಗಿಯ ಮೇಲೆಲ್ಲ ಬಿದ್ದಿತ್ತು. ಇನ್ನೊಮ್ಮೆ ಹೇಳಿದೆ, ಇನ್ನೊಮ್ಮೆ ಕೀಂ.

“ನೋಡಿದ್ರಾ,” ಎಂದಳು ದಾಕ್ಷಾಯಿಣಿ. ಈಗ ದನಿಯಲ್ಲಿ ಜಗಳ ಇರಲಿಲ್ಲ. “ಎಲ್ಲಾ ಕಡೆ ಎಲ್ಲರಿಗಿಂತ ಮೊದ್ಲೇ ಹೋಗಿ ನಿಂತಿರ್ತೀರಿ. ಕಾಯೋದು ನಿಮಗೆ ಎಲ್ಲಿಂದ ಬರ್ಬೇಕು? ಒಂದೇ ಕಡೆಯಿಂದ ಕಾಯೋದು ನನಗೆ ಸಾಕಾಗಿದೆ ಮರಿಸ್ವಾಮಿಯವ್ರೇ. ನಮ್ಮನೆಯವರಿಗೆ ಹಾಗೆ ಕಾದಿದೀನಿ, ಇನ್ನೊಂದು ಸಲ ಆಗಲ್ಲ.”

ಬೇರೆಯವರು ನನಗಾಗಿ ಕಾಯುತ್ತಾರೆಯೇ ಎಂದು ಎಷ್ಟೆಲ್ಲ ತಲೆ ಕೆಡಿಸಿಕೊಂಡಿದ್ದೆ. ನಾನು ಯಾರಿಗಾದರೂ ಕಾದಿದ್ದೇನೆಯೇ ಎಂಬುದು ಒಮ್ಮೆಯೂ ತಲೆಗೆ ಬಂದಿರಲಿಲ್ಲ. ತಿಂಗಳ ಕೊನೆಗೆ ಗಾಡಿಯನ್ನು ನಾನೇ ಓಡಿಸಿಕೊಂಡು ಹೋಗಿ ಪುರಸಭೆಯ ಶೆಡ್ಡಿಗೆ ಬಿಟ್ಟು, ಬೀಗದ ಕೈ ಪಾರ್ಶ್ವನಾಥಯ್ಯನವರ ಕೈಗೆ ಕೊಟ್ಟು, ನಡೆದು ಮನೆಗೆ ಬಂದೆ. ಅಷ್ಟು ದೂರ ಇದೆ ಎಂದು ಗೊತ್ತಿರಲಿಲ್ಲ.

ನಾನಿಲ್ಲದೆ ಊರು ಮುಳುಗುತ್ತದೆ ಎಂದುಕೊಂಡಿದ್ದರೆ ಅದೂ ಸುಳ್ಳಾಯಿತು. ಶಾಂತಮಲ್ಲಪ್ಪ ಅಂಗಡಿಯ ಹಿಂದೆಯೇ ಖೋವಾ ಕಾಯಿಸಲು ಒಲೆ ಹಾಕಿಸಿದ. ಮದುವೆ ಮನೆಯವರು ಐಸನ್ನು ಹಿಂದಿನ ದಿನವೇ ತರಿಸಿ ಹೊಟ್ಟಿನಲ್ಲಿ ಹೂತಿಟ್ಟರು. ಆಂಬುಲೆನ್ಸ್ ಡ್ರೈವರ ಹೆಂಡತಿಯನ್ನು ಡಾಕ್ಟರ್ ಮುಬೀನಾ ಕರೆಸಿ ತಿಳಿಹೇಳಿದರಂತೆ. ದೀಪಾವಳಿಗೆ ಅರವತ್ತು ಹೇಳುತ್ತೇನೆಂದು ಆಕೆ ಒಪ್ಪಿಕೊಂಡಳು, ಆದರೆ ದೀಪಾವಳಿ ಇನ್ನೂ ದೂರವಿತ್ತು.

ಕೆಲಸವಿಲ್ಲದವನು ಏನು ಮಾಡಬೇಕು? ಕ್ಷೌರದಂಗಡಿಗೆ ಹೋದರೆ ನನ್ನ ಮುಂದೆ ನಾಲ್ಕು ಜನ. ಎದ್ದು ಹೋಗುವವನಿದ್ದೆ, ಹೋಗುವುದೆಲ್ಲಿಗೆ ಎಂದು ಕೂತೆ. ಬೆಂಚಿನ ಮೇಲೆ ಕೂತವರು ಏನೆಲ್ಲ ಮಾತಾಡುತ್ತಾರೆ ಎಂಬುದು ಆವತ್ತು ಗೊತ್ತಾಯಿತು. ನಾನು ಗಾಡಿಯಲ್ಲಿ ಹೋಗುವಾಗ ಈ ಮಾತುಗಳೆಲ್ಲ ನನ್ನ ಪಕ್ಕದಲ್ಲಿ ಗೆರೆಯ ಹಾಗೆ ಹರಿದುಹೋಗಿರಬೇಕು. ನನ್ನ ಸರದಿ ಬಂದಾಗ ಇನ್ನೊಬ್ಬರಿಗೆ ಬಿಟ್ಟುಕೊಟ್ಟೆ, ಕತೆ ಅರ್ಧಕ್ಕೆ ನಿಂತಿತ್ತು.

ಸಂಜೆ ನಮ್ಮ ಮನೆಯ ಜಗಲಿಯ ಮೇಲೆ ಕೂರುತ್ತಿದ್ದೆ. ಎದುರಿಗೆ ಬೀದಿಯ ತಿರುವು. ಬಿಳಿ ಗಾಡಿ ತಿರುಗಿ ಬರುವುದನ್ನು ನೋಡಿಕೊಂಡು ಇರುವುದು ಬಿಟ್ಟರೆ ಅಲ್ಲಿ ಬೇರೆ ಕೆಲಸವಿಲ್ಲ. ದಾಕ್ಷಾಯಿಣಿ ಸೋಮವಾರ ಇಬ್ಬರಿಗೆ ಕಲಿಸುತ್ತಾಳೆ, ಸ್ವಲ್ಪ ತಡ. ಬುಧವಾರ ಗಾಡಿ ತೊಳೆಸಿಕೊಂಡು ಬರುತ್ತಾಳೆ. ಗುಂಡೂರಾಯರ ದಿನ ಗಾಡಿಗಿಂತ ಮೊದಲು ಅವರ ಹಾರನ್ನು ಬರುತ್ತದೆ. ಇಳಿದ ಕೂಡಲೇ ಆಕೆ ಕಾಂಪೌಂಡಿನ ಮೇಲಿಂದ ಒಂದು ಮಾತು ಒಗೆದು ಹೋಗುತ್ತಿದ್ದಳು.

“ಏನು ಸ್ವಾಮಿಯವರೇ, ಜಗಲಿಗೆ ಬೇರು ಬಿಟ್ರಾ?”

“ಎಲೆ ಬಿಟ್ಟಾಗ ಹೇಳ್ತೀನಿ ಮೇಡಂ.”

ಆಕೆ ನಗುತ್ತಿದ್ದಳು. ಅಂಕಿಯ ವಿಚಾರ ಇಬ್ಬರೂ ಎತ್ತಲಿಲ್ಲ. ಇನ್ನೊಮ್ಮೆ ಕಿಟಕಿಗೆ ಬಗ್ಗುವ ಧೈರ್ಯ ನನಗಿರಲಿಲ್ಲ. ಇನ್ನೊಮ್ಮೆ ಕೆಂಪು ಬಂದರೆ ಕೆಂಪಲ್ಲೇ ಮುಗಿಯುತ್ತದೆ, ಈ ಕಾಂಪೌಂಡಿನ ಮಾತೂ ಇರುವುದಿಲ್ಲ. ಅದು ಹೋದರೆ ನನ್ನ ಸಂಜೆಗಳಲ್ಲಿ ಏನೂ ಉಳಿಯುತ್ತಿರಲಿಲ್ಲ.

ಒಂದು ಶುಕ್ರವಾರ ಗಾಡಿ ಬರಲಿಲ್ಲ. ಬರುವ ಹೊತ್ತು ಮೀರಿತು. ಗುಂಡೂರಾಯರ ದಿನ, ನಿಧಾನವಾಗಿರಬೇಕು ಎಂದುಕೊಂಡೆ. ಒಳಗೆ ಹೋಗಿ ಕಾಫಿಗೆ ನೀರಿಟ್ಟೆ, ಆರಿಸಿ ಹೊರಗೆ ಬಂದೆ, ಮತ್ತೆ ಹೋಗಿ ಹೊತ್ತಿಸಿದೆ. ಪಕ್ಕದ ಮನೆಗೆ ಹೋಗಿ ಪುಟ್ಟತಾಯಮ್ಮನ ಕಿವಿಯ ಹತ್ತಿರ ಕೂಗಿ ಕೇಳಿದೆ.

“ಬರ್ತಾಳೆ ಕೂತ್ಕೊಳಪ್ಪ, ಮೂವತ್ತೆರಡರಲ್ಲಿ ಎಲ್ಲಿಗ್ ಹೋಗ್ತಾಳೆ,” ಎಂದು ಆಕೆ ಅವರೆಕಾಯಿ ಸುಲಿಯುತ್ತಲೇ ಇದ್ದರು.

ಮೂವತ್ತೆರಡು! ಮೂವತ್ತೆರಡು ಎಂಥ ವೇಗ ಎಂದು ಆವತ್ತೇ ನನಗೆ ಹೊಳೆದದ್ದು. ಮೂವತ್ತೆರಡರಲ್ಲಿ ಕಾಲುವೆಯ ಏರಿಯಿಂದ ಉರುಳಿದರೆ ಏನು ಉಳಿಯುತ್ತದೆ? ಸ್ಟಿಯರಿಂಗಿನಲ್ಲಿ ಇರುವವರು ಬೇರೆ ಗುಂಡೂರಾಯರು. ಬೀದಿಯ ತಿರುವಿನವರೆಗೆ ಹೋದೆ, ವಾಪಸು ಬಂದೆ, ಮತ್ತೆ ಹೋದೆ. ಕಾಲು ಒಂದು ಕಡೆ ನಿಲ್ಲಲಿಲ್ಲ. ಕೈಯಲ್ಲಿ ಗಾಡಿಯಿಲ್ಲ, ಹೋಗಿ ಹುಡುಕುವುದಾದರೂ ಎಲ್ಲಿ? ಸುಮ್ಮನೆ ನಿಂತು ನೋಡುವುದು ಬಿಟ್ಟರೆ ಮಾಡಲು ಏನೂ ಇಲ್ಲದಿರುವುದು ಎಂದರೆ ಏನೆಂಬುದು ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ. ಇದನ್ನು ದಾಕ್ಷಾಯಿಣಿ ನನ್ನಿಂದಾಗಿ ದಿನಾ ಅನುಭವಿಸಿದಳೇ ಎಂದು ನೆನೆದು ಇನ್ನಷ್ಟು ಸಂಕಟವಾಯಿತು.

ದೀಪ ಹಚ್ಚುವ ಹೊತ್ತಿಗೆ ಹಾರನ್ನು ಕೇಳಿಸಿತು. ಮೈಯೆಲ್ಲ ಕೆಸರು ಮೆತ್ತಿಕೊಂಡ ಬಿಳಿ ಗಾಡಿ ತಿರುವಿನಲ್ಲಿ ಕಂಡಿತು. ಗುಂಡೂರಾಯರು ಮೊದಲ ಬಾರಿಗೆ ಸರಿಯಾಗಿ ಹಿಂದಕ್ಕೆ ತೆಗೆದು, ಆ ಸಂತೋಷದಲ್ಲಿ ನಿಲ್ಲಿಸುವುದನ್ನು ಮರೆತು, ಗದ್ದೆಗೆ ಇಳಿಸಿದ್ದರಂತೆ. ಅದೆಲ್ಲ ಆಮೇಲೆ ತಿಳಿದದ್ದು. ಆಗ ನಾನು ಯಾವ ವಿವರಣೆಯನ್ನೂ ಕೇಳುವ ಸ್ಥಿತಿಯಲ್ಲಿರಲಿಲ್ಲ. ಓಡಿಹೋಗಿ ಕಿಟಕಿಯೊಳಗೆ ತಲೆ ತೂರಿಸಿದೆ. ಗುಂಡೂರಾಯರ ಮೂಗಿನ ಮುಂದಿನಿಂದಲೇ ಆಕೆಯ ಮೇಲೆ ಹರಿಹಾಯ್ದೆ.

“ಹೊತ್ತು ಗೊತ್ತು ಬೇಡ್ವೇನ್ರೀ ನಿಮಗೆ? ಇಲ್ಲಿ ಜೀವ ಬಾಯಿಗ್ ಬಂದಿದೆ! ಇನ್ಮೇಲೆ ಇಪ್ಪತ್ತರ ಮೇಲೆ ಹೋಗಿ ನೋಡಿ, ನಾನು ಸುಮ್ನಿರಲ್ಲ!”

ಕೀಂ ಎನ್ನಲಿಲ್ಲ. ಗುಂಡೂರಾಯರ ಕನ್ನಡಕದಲ್ಲಿ ಹಸಿರು ಬೆಳಕು ಕಂಡಿತು.

ಮೂವರೂ ಹಾಗೇ ಕೂತಿದ್ದೆವು. ಅಂದರೆ ಅವರಿಬ್ಬರು ಕೂತಿದ್ದರು, ನಾನು ಕಿಟಕಿಯಲ್ಲಿ ಅರ್ಧ ಸಿಕ್ಕಿಕೊಂಡಿದ್ದೆ. ದಾಕ್ಷಾಯಿಣಿ ಇಳಿದು ಗಾಡಿಯ ಹಿಂದಕ್ಕೆ ಹೋಗಿ, ಸೆರಗಿನಿಂದ ಗಾಜಿನ ಮೂಲೆಯ ಕೆಸರು ಒರೆಸಿ ನೋಡಿದಳು. ಇಪ್ಪತ್ತು.

“ಅಯ್ಯೋ ನಿಮ್ಮ ಮನೆ ಕಾಯ್ವಾಗ! ದೀಪಾವಳಿವರೆಗೂ ಇಷ್ಟರಲ್ಲಿ ಹೇಗ್ರೀ ಸ್ಕೂಲು ನಡೆಸ್ಲಿ?” ಎಂದಳು. ಎನ್ನುತ್ತ ಅಳುತ್ತಿದ್ದಳು, ನಗುತ್ತಲೂ ಇದ್ದಳು.

“ನನಗೆ ಇಷ್ಟೇ ಸಾಕಮ್ಮ,” ಎಂದರು ಗುಂಡೂರಾಯರು.

ಮರುದಿನ ಬೆಳಿಗ್ಗೆ ಇಬ್ಬರೂ ಇಪ್ಪತ್ತರಲ್ಲಿ ಪುರಸಭೆಗೆ ಹೋದೆವು. ಸುದ್ದಿ ನಮಗಿಂತ ಮೊದಲೇ ನಡೆದು ಹೋಗಿ ಮುಟ್ಟಿತ್ತು, ಅಂಗಳದಲ್ಲಿ ಆಗಲೇ ಜನ. ಪಾರ್ಶ್ವನಾಥಯ್ಯ ಶೆಡ್ಡಿನ ಬಾಗಿಲು ತೆಗೆದರು. ಧೂಳು ಕೂತ ನನ್ನ ಗಾಡಿ ನನ್ನನ್ನು ನೋಡಿ ಏನೂ ಅನ್ನಲಿಲ್ಲ. ನಾನು ಮನಸ್ಸಿನಲ್ಲೇ ಇಪ್ಪತ್ತೈದಕ್ಕೆ, ಅದೃಷ್ಟ ಚೆನ್ನಾಗಿದ್ದರೆ ಮೂವತ್ತಕ್ಕೆ ಸಿದ್ಧನಾಗಿದ್ದೆ. ಹದಿನೈದಾದರೂ ಪರವಾಗಿಲ್ಲ ಎಂದು ತೀರ್ಮಾನಿಸಿದ್ದೆ. ದಾಕ್ಷಾಯಿಣಿ ಕಿಟಕಿಗೆ ಬಗ್ಗಿ, ಪಾಠ ಹೇಳುವಾಗಿನ ಅದೇ ಸ್ಪಷ್ಟ ದನಿಯಲ್ಲಿ ಹೇಳಿದಳು.

“ನೂರ ಇಪ್ಪತ್ತೆಂಟು.”

ಹಸಿರು. ಗಾಜಿನ ಮೂಲೆಯಲ್ಲಿ ಮೂರು ಅಂಕಿಗಳು ಒತ್ತೊತ್ತಾಗಿ ಹತ್ತಿಕೊಂಡವು. ಎರಡಕ್ಕಿಂತ ಹೆಚ್ಚು ಅಂಕಿಗೆ ಅಲ್ಲಿ ಜಾಗ ಮಾಡಿಯೇ ಇರಲಿಲ್ಲ.

“ಅಮ್ಮಾ,” ಪಾರ್ಶ್ವನಾಥಯ್ಯ ಕನ್ನಡಕ ತೆಗೆದರು, “ಅರ್ಜಿ ಕೊಟ್ಟಿದ್ದು ನೀವೇ ಅಲ್ವಾ?”

“ಅಂಕಿ ಇರ್ಲಿ ಅಂತ ಅರ್ಜಿ ಕೊಟ್ಟೆ ಸಾರ್. ಎಷ್ಟಿರ್ಲಿ ಅಂತ ಎಲ್ಲಿ ಬರ್ದಿದ್ದೆ?” ಎಂದಳು. ಆಮೇಲೆ ನನ್ನ ಕಡೆ ತಿರುಗಿ, ಬೇರೆ ಯಾರಿಗೂ ಕೇಳಿಸದ ಹಾಗೆ, “ಆಸ್ಪತ್ರೆಗೆ ರಕ್ತ ಬೇಕಾದಾಗ ನನ್ನ ಗಾಡಿ ಹಾಗೆ ತೆವಳಿಕೊಂಡು ಹೋಗೋಕ್ಕಾಗುತ್ತಾ? ನಾನು ಕಾಯ್ತಿರ್ತೀನಿ ಅನ್ನೋದು ನೆನಪಿದ್ರೆ ಸಾಕು,” ಎಂದಳು.

ಊರಿನವರು ಓದುವ ರೀತಿಯಲ್ಲೇ ಓದಿಕೊಂಡರು. ನೂರ ಇಪ್ಪತ್ತೆಂಟು ಎಂದರೆ ಆಕೆಗೆ ಇವನ ಮೇಲೆ ಎಳ್ಳಷ್ಟೂ ಆಸೆಯಿಲ್ಲ, ಪಾಪ ಮರಿಸ್ವಾಮಿ ಎಂದರು. ಶಾಂತಮಲ್ಲಪ್ಪ ಸಮಾಧಾನಕ್ಕೆಂದು ಒಂದು ಡಬ್ಬಿ ಪೇಡಾ ಕೊಟ್ಟ. ನಾನು ಮುಖ ಹುಳ್ಳಗೆ ಮಾಡಿಕೊಂಡು ತೆಗೆದುಕೊಂಡೆ.

ಅದೇ ವಾರ ಡಾಕ್ಟರ್ ಮುಬೀನಾ ಅವರಿಂದ ಕರೆ ಬಂತು. ಹೆರಿಗೆಯ ಕೇಸು, ಸಿಗದ ಗುಂಪಿನ ರಕ್ತ, ಜಿಲ್ಲಾಸ್ಪತ್ರೆಯಿಂದ ಆಗಲೇ ಬೇಕು. ಊರು ದಾಟುವವರೆಗೆ ನಿಧಾನ ಹೋದೆ. ಕಾಲುವೆಯ ರಸ್ತೆ ಎರಡೂ ಕಡೆ ಖಾಲಿ ಇದ್ದಲ್ಲಿ ಒತ್ತಿದೆ. ಎಲೆಅಡಿಕೆ ಚೀಲ ಬಿತ್ತು, ಸೀಟು ಹಾಡಿತು. ಜನ ಕಂಡಲ್ಲಿ, ದನ ಕಂಡಲ್ಲಿ, ತಿರುವು ಕಂಡಲ್ಲಿ ಯಾರೂ ಹೇಳದೆ ನನ್ನ ಕಾಲು ತಾನೇ ಎದ್ದಿತು. ಹಿಂದೆಂದೂ ಅದು ಹಾಗೆ ಎದ್ದಿರಲಿಲ್ಲ. ರಕ್ತ ಸಮಯಕ್ಕೆ ಮುಟ್ಟಿತು. ತಾಯಿ ಮಗು ಕ್ಷೇಮವೆಂದು ಕೇಳಿಕೊಂಡು, ಗಾಡಿ ತಿರುಗಿಸಿ ಮನೆಯ ಕಡೆ ಹೊರಟೆ.

ನಮ್ಮ ಜಗಲಿಯ ಮೇಲೆ ದಾಕ್ಷಾಯಿಣಿ ಕೂತಿದ್ದಳು. ಪಕ್ಕದಲ್ಲಿ ಎರಡು ಲೋಟ ಕಾಫಿ, ಕೆನೆ ಕಟ್ಟಿತ್ತು. ನಾನು ಇಳಿಯುವ ಮೊದಲೇ ಎದ್ದು ನಿಂತು, ಸೊಂಟದ ಮೇಲೆ ಕೈಯಿಟ್ಟು, ಬೀದಿಗೆಲ್ಲ ಕೇಳುವ ಹಾಗೆ ಗದರಿದಳು.

“ಎಷ್ಟು ಹೊತ್ತೂಂತ ಕಾಯೋದ್ರೀ ನಿಮಗೆ?”

ಎದುರು ಮನೆಯವರು ಕಿಟಕಿ ತೆರೆದು ನೋಡಿದರು. ನಾನು ಜಗಲಿಯ ಮೇಲೆ ಕೂತು ಆ ತಣ್ಣಗಿನ ಕಾಫಿ ಕುಡಿದೆ. ತಡವಾಗಿ ಬಂದೆ ಎಂದು ನನ್ನನ್ನು ಬೈದವಳು ಈ ಊರಿನಲ್ಲಿ ಅವಳೊಬ್ಬಳೇ.